ಕೆಂಪು ಪಟ್ಟಿಯ ಮರಗಳು

ನಾನೂರ ಹನ್ನೆರಡನೇ ನಂಬರಿನ ದಿಂಡಿಗದ ಮರದ ಸುತ್ತಳತೆ ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಸೆಂಟಿಮೀಟರು ಹೆಚ್ಚಿತ್ತು. ಅರುಣಾ ಟೇಪು ಬಿಚ್ಚಿದಳು, ಎದೆಮಟ್ಟಕ್ಕೆ ಮತ್ತೊಮ್ಮೆ ಸುತ್ತಿ ಓದಿದಳು. ಅಷ್ಟೇ ಬಂತು. ತುಗ್ಲಿಬೋರೆಯಂಥ ಕಲ್ಲುಗುಡ್ಡದಲ್ಲಿ ದಿಂಡಿಗ ವರ್ಷಕ್ಕೊಂದು ಸೆಂಟಿಮೀಟರು ಬಲಿತರೆ ಅದೇ ಹೆಚ್ಚು. ಮರಕ್ಕೆ ಹೊಡೆದಿದ್ದ ಅಲ್ಯೂಮಿನಿಯಂ ಬಿಲ್ಲೆಯನ್ನು ಅವಳು ಬೆರಳಿನಿಂದ ಅಲ್ಲಾಡಿಸಿ ನೋಡಿದಳು. ನಾಲ್ಕು ವರ್ಷದ ಹಿಂದಿನ ಮೊಳೆಯಾದರೆ ಅದರ ಸುತ್ತ ತೊಗಟೆ ಉಬ್ಬಿಕೊಂಡು ಬಂದಿರಬೇಕಿತ್ತು. ಇಲ್ಲಿ ಮೊಳೆ ಈಚೆಗೆ ಹೊಡೆದಂತೆ ಬೋಳಾಗಿ ನಿಂತಿತ್ತು.

ಪಡುವಲ ಮಗ್ಗುಲಿನ ಪ್ಲಾಟುಗಳಿಗೆ ಅವರು ಬಂದದ್ದು ಅವತ್ತೇ, ಕೈಯಲ್ಲಿದ್ದ ಜಿಪಿಎಸ್ ಬೆಳಗಿನಿಂದ ಬೇರೆಯದೇ ಹೇಳುತ್ತಿತ್ತು. ಅದರ ಪ್ರಕಾರ ಇಪ್ಪತ್ತೆರಡನೇ ಪ್ಲಾಟು ಇಲ್ಲಿಲ್ಲ, ಪಡುವಲಿಗೆ ನಲವತ್ತು ಮೀಟರು ಕೆಳಗಿದೆ. ಬಂಡೆಗಳ ನಡುವೆ ಅದು ಹತ್ತು ಮೀಟರು ಆಚೀಚೆ ತೋರಿಸುವುದು ಮಾಮೂಲು. ನಲವತ್ತು ಮೀಟರು ತಪ್ಪಿದ್ದನ್ನು ಅವಳು ಆರು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

ಅರುಣಾ ಗುಬ್ಬಿಯವಳು. ಅರಣ್ಯಶಾಸ್ತ್ರ ಓದಿ ತುಮಕೂರಿನ ಹಸಿರಳತೆ ಎಂಬ ಸಂಸ್ಥೆಯಲ್ಲಿ ಮರ ಅಳೆಯುವ ಕೆಲಸಕ್ಕಿದ್ದಳು. ಮರದ ಜಾತಿ, ಎತ್ತರ, ಸುತ್ತಳತೆ ತಿಳಿದರೆ ಅದರ ತೂಕ ಅಂದಾಜಿಸಬಹುದು. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಹುಲಿಯೂರುದುರ್ಗದ ಆಚೆ, ಊರವರೇ ಇಪ್ಪತ್ತು ವರ್ಷದಿಂದ ಕೊಡಲಿ ಬೀಳದಂತೆ ಕಾಯ್ದುಕೊಂಡು ಬಂದಿದ್ದ ಈ ಮುನ್ನೂರು ಎಕರೆ ಬೋರೆಯಲ್ಲಿ ಪ್ಲಾಟು ಎನ್ನುವ ನಲವತ್ತು ಚೌಕ ಗುರುತಿಸಿ, ಮೂಲೆಗೊಂದು ಕಬ್ಬಿಣದ ಪೈಪು ನೆಟ್ಟು, ಒಳಗಿನ ಪ್ರತಿ ಮರಕ್ಕೂ ನಂಬರಿನ ಬಿಲ್ಲೆ ಹೊಡೆದು, ಅಳೆಯುವ ಮಟ್ಟಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು. ಮೊದಲ ಸಲ ಅಳೆದವರು ಬೇರೆ ತಂಡದವರು. ನಾಲ್ಕು ವರ್ಷದಲ್ಲಿ ಇಲ್ಲಿ ಎಷ್ಟು ಇಂಗಾಲ ಹೆಚ್ಚು ಕೂತಿದೆಯೋ ಅಷ್ಟನ್ನು ಉತ್ತರದ ಕಡೆಯ ಒಂದು ಸಿಮೆಂಟ್ ಕಂಪನಿ ತನ್ನ ಸಿಮೆಂಟ್ ಗೂಡಿನ ಹೊಗೆಗೆ ಸರಿದೂಗಿತೆಂದು ಲೆಕ್ಕದಲ್ಲಿ ತೋರಿಸಿಕೊಳ್ಳುತ್ತಿತ್ತು. ಅದಕ್ಕೆ ಬದಲಾಗಿ ಬೋರೆಯ ಆರು ಮಂದಿ ಕಾವಲುಗಾರರ ಸಂಬಳ ಕಂಪನಿಯದು.

ಆರು ಮಂದಿಯಲ್ಲಿ ಹಿರಿಯ ಬೆಟ್ಟಸ್ವಾಮಿ. ಅರವತ್ತರ ಹತ್ತಿರದವನು. ಈಗ ಟೇಪಿನ ಇನ್ನೊಂದು ತುದಿ ಹಿಡಿದು, ಸೊಂಟದಲ್ಲಿ ಮಚ್ಚು ಸಿಕ್ಕಿಸಿಕೊಂಡು, ಅವಳ ಬೆರಳು ಆ ಮೊಳೆಯ ಮೇಲೆ ಆಡುವುದನ್ನೇ ನೋಡುತ್ತಿದ್ದ.

ಮೂರು ವಾರದಿಂದ ಜೊತೆಗೆ ತಿರುಗಿದರೂ ಅವನು ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ. ಒಂದು ಕಾಲದಲ್ಲಿ ಬೋರೆಗೆ ಲಾರಿ ತಂದಿದ್ದ ಮರಗಳ್ಳನೊಬ್ಬನ ಕೈ ಮುರಿದವನು ಇವನೇ ಎಂದು ಅವಳು ಊರಲ್ಲಿ ಕೇಳಿದ್ದಳು. ಜಿಪಿಎಸ್ ತೋರಿಸುವ ಕಡೆ ಒಮ್ಮೆ ಇಳಿದು ನೋಡೋಣ ಎಂದು ಅರುಣಾ ಅಂದಾಗ ಅವನು ಟೇಪು ಬಿಟ್ಟ.

"ಆ ಕಡೆ ಬ್ಯಾಡ ಮೇಡಂ. ಕರಡಿ ಅದೆ."

ಕರಡಿ ಇದ್ದರೆ ಮೂರು ವಾರದಲ್ಲಿ ಒಂದು ಸಲವಾದರೂ ಹೇಳುತ್ತಿದ್ದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದಳು. ಹತ್ತು ಹೆಜ್ಜೆ ಹಿಂದೆ ಒಣ ಎಲೆ ಸದ್ದಾಯಿತು. ಅವನೂ ಬರುತ್ತಿದ್ದ. ಮಧ್ಯಾಹ್ನದ ಬಿಸಿಲು ಬಂಡೆಯಿಂದ ಮುಖಕ್ಕೆ ರಾಚುತ್ತಿತ್ತು. ಊರು ಬೋರೆಯ ಇನ್ನೊಂದು ಮಗ್ಗುಲಿನಲ್ಲಿತ್ತು, ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ನೋಡಿದರೆ ಹೆದರಿದ್ದು ಗೊತ್ತಾಗುತ್ತದೆ ಎಂದು ಹಾಗೇ ನಡೆದಳು.

ಲಂಟಾನದ ಪೊದೆ ದಾಟಿದ ಮೇಲೆ ಇಳಿಜಾರು ತೆರೆದುಕೊಂಡಿತು. ಅಲ್ಲಿ ಮರವಿರಲಿಲ್ಲ. ಇದ್ದದ್ದು ಬುಡಗಳು. ಸುಟ್ಟು ಕಪ್ಪಾಗಿ, ಮೊಣಕಾಲೆತ್ತರಕ್ಕೆ ಕಡಿದ ಬುಡಗಳು. ಕೆಲವು ಬುಡದ ಪಕ್ಕದಿಂದ ಬೆರಳು ಗಾತ್ರದ ಚಿಗುರು ಎದ್ದಿತ್ತು. ನಾಲ್ಕು ಮೂಲೆಯಲ್ಲಿ ಪೈಪು ಕಿತ್ತ ಗುಳಿಗಳು. ಇಳಿಜಾರಿನ ಕೊನೆಗೆ ಒಂದು ಆಳದ ಹಳ್ಳ. ಅವಳು ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಹಳ್ಳದ ತುಂಬ ಮರದ ದಿಮ್ಮಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ಪ್ರತಿಯೊಂದರ ನಡುವೆ ಮಾಸಿದ ಕೆಂಪು ಬಣ್ಣದ ಪಟ್ಟಿ.

ಹಿಂದಿನಿಂದ ಎಲೆಯ ಸದ್ದು ತೀರ ಹತ್ತಿರ ಬಂದು ನಿಂತಿತು. ಅವಳ ಕಾಲ ತುದಿಯಿಂದ ಹಳ್ಳಕ್ಕೆ ಎರಡು ಆಳು ಆಳ. ಚೀಲದ ಪಟ್ಟಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು ಅವಳು ಮೆಲ್ಲಗೆ ತಿರುಗಿದಳು. ಬೆಟ್ಟಸ್ವಾಮಿಯ ಕೈ ಸೊಂಟದ ಮಚ್ಚಿನ ಮೇಲಿತ್ತು. ಅದನ್ನು ಎಳೆದು ತೆಗೆದ. ತೆಗೆದು ಪಕ್ಕದ ಬಂಡೆಯ ಮೇಲಿಟ್ಟು, ತಾನೂ ಅಲ್ಲೇ ಕುಕ್ಕರಿಸಿದ.

"ಎಪ್ಪತ್ತೊಂದು ಮರ," ಅಂದ. "ಎಣಿಸ್ಬೇಕಾಗಿಲ್ಲ. ಎಲ್ಲಾ ನಾನೇ ಕಡ್ದಿದ್ದು."

ಆಮೇಲೆ ಅವನು ಹೇಳಿದ್ದನ್ನು ಅರುಣಾ ನಿಂತೇ ಕೇಳಿದಳು. ಕೂರುವ ಧೈರ್ಯವಾಗಲಿಲ್ಲ. ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ, ಪಡುವಲ ಮಗ್ಗುಲಿಗೆ ಬೆಂಕಿ ಬಿತ್ತು. ಯಾರು ಹಚ್ಚಿದ್ದೋ, ಬೀಡಿಯದೋ, ತಿಳಿಯಲಿಲ್ಲ. ಅವನೂ ಅವನ ಹೆಂಡತಿ ಕದರಮ್ಮನೂ ಊರಿನ ನಲವತ್ತು ಮಂದಿಯೂ ಎರಡು ದಿನ ಹಸಿ ಸೊಪ್ಪು ಹಿಡಿದು ಬಡಿದು ಆರಿಸಿದರು. ಹುಲ್ಲು ಸುಟ್ಟಿತು, ಮರ ಉಳಿಯಿತು ಅಂದುಕೊಂಡರು. ತುಮಕೂರಿನ ಹಸಿರಳತೆ ಕಚೇರಿಗೂ ಹಾಗೇ ಹೇಳಿದ. ಆದರೆ ಬುಡ ಬೆಂದಿದ್ದ ಮರಗಳು ಮುಂದಿನ ಮುಂಗಾರಿಗೆ ಚಿಗುರಲಿಲ್ಲ. ನಿಂತಂತೆಯೇ ಒಣಗಿದವು. ಮೂರು ಪ್ಲಾಟುಗಳು, ಹದಿನಾಲ್ಕು, ಹದಿನೈದು, ಇಪ್ಪತ್ತೆರಡು, ಪೂರ್ತಿ ಹೋದವು.

ಆಗ ಅವನು ಹಸಿರಳತೆಯ ಮ್ಯಾನೇಜರ್ ಹನುಮಂತರಾಜುವಿಗೆ ಫೋನ್ ಮಾಡಿದ್ದ. ಹನುಮಂತರಾಜು, ನಂಬರಿರುವ ಮರ ಇರಲೇಬೇಕು, ಹೇಗೋ ನೋಡಿಕೋ ಎಂದು ಹೇಳಿ ಫೋನಿಟ್ಟ.

"ಮಾಡು ಅಂತ ಅನ್ಲಿಲ್ಲ ಅವ್ರು. ಬ್ಯಾಡ ಅಂತ್ಲೂ ಅನ್ಲಿಲ್ಲ. ಕಂಪ್ನಿ ಬುಟ್ಟೋದ್ರೆ ಆರು ಮಂದಿ ಸಂಬ್ಳ ಹೋಯ್ತದೆ ಅಂತ ನಾನು ಮೂರು ದಿನ ಯೋಚ್ನೆ ಮಾಡ್ದೆ. ಪೈಪು ಕಿತ್ತು ಮೇಲಕ್ಕೆ ನೆಟ್ಟೆ. ಬಿಲ್ಲೆ ಕಿತ್ತು ಅದೇ ಜಾತಿ ಮರ ಹುಡುಕಿ ಹೊಡ್ದೆ, ಬಣ್ಣ ಬಳ್ದೆ. ಒಣಗಿದ್ದುನ್ನ ಕಡ್ದು ಹಳ್ಳಕ್ಕೆ ಉರುಳುಸ್ದೆ. ಒಂದು ಸೌದೆ ಮನೆಗೆ ಒಯ್ದಿಲ್ಲ. ಒಯ್ದ್ರೆ ಯಾರಾದ್ರೂ ಕೇಳ್ತಾರಲ್ಲ." ಅವನು ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡ. "ಅವತ್ತಿಂದ ಕಾಡು ಕಾಯೋದು ಬುಟ್ಟೆ ಮೇಡಂ. ಯಾರೂ ಈ ಕಡೆ ಬರ್ದಂಗೆ ಹಳ್ಳ ಕಾಯ್ಕೊಂಡಿದೀನಿ."

ಮಚ್ಚು ಬಂಡೆಯ ಮೇಲೇ ಬಿದ್ದಿತ್ತು. ಅರುಣಾ ಅಲ್ಲೇ ನೆಲಕ್ಕೆ ಕೂತು ನೀರು ಕುಡಿದಳು. ಇದನ್ನು ಯಾರಿಗೆ ಹೇಳುತ್ತೀರಿ ಎಂದು ಅವನು ಕೇಳಲಿಲ್ಲ.

ಸಂಜೆ ಹುಲಿಯೂರುದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ಹನುಮಂತರಾಜುವಿಗೆ ಫೋನ್ ಮಾಡಿದಳು. ಅವನು ಕೆಟ್ಟವನೆಂದು ಅವಳು ಯಾವತ್ತೂ ಅಂದುಕೊಂಡವಳಲ್ಲ. ಕೆಲಸ ಕಲಿಸಿದವನು, ಅವಳಿಗೆ ಟೈಫಾಯ್ಡ್ ಬಂದಾಗ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದವನು. ಅವಳು ಹೇಳುವುದನ್ನು ಅರ್ಧಕ್ಕೇ ತಡೆದು, ಬಿಲ್ಲೆ ಇರುವ ಮರ ಅಳೆಯುವುದಷ್ಟೇ ನಮ್ಮ ಕೆಲಸ, ಟೇಪು ಏನು ಹೇಳುತ್ತದೋ ಅದನ್ನು ಕಳಿಸು ಎಂದ. ಅವಳು ಬಿಡಲಿಲ್ಲ. ಆಗ ಅವನ ದನಿ ಬದಲಾಯಿತು. ಪಕ್ಕದ ಬೋರೆಯಲ್ಲಿ ಕಲ್ಲು ಕ್ವಾರಿ ನಡೆಸುತ್ತಿರುವವರು ತುಗ್ಲಿಬೋರೆಗೂ ಅರ್ಜಿ ಹಾಕಿ ಕೂತಿದ್ದಾರೆ ಎಂಬುದು ಅವಳಿಗೆ ಗೊತ್ತಿದೆಯೇ ಎಂದು ಕೇಳಿದ. ಕಂಪನಿಯ ಒಪ್ಪಂದದ ಕಾಗದ ಇರುವ ತನಕ ಆ ಅರ್ಜಿ ಏಳುವುದಿಲ್ಲ. ಕಂಪನಿ ಕೈಬಿಟ್ಟರೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಅದು ಮೇಲಕ್ಕೆ ಬರುವುದಕ್ಕೆ ಒಂದು ತಿಂಗಳು ಸಾಕು ಎಂದ.

"ಎಪ್ಪತ್ತು ಮರದ ಸತ್ಯಕ್ಕೆ ಬೋರೆನೇ ಕಳ್ಕೋಬೇಕು ಅಂದ್ರೆ ಕಳ್ಕೋ ಅರುಣಾ. ನಿರ್ಧಾರ ನಿಂದು."

ಫೋನು ಇಟ್ಟ ಮೇಲೆ ಅವಳು ಕುಣಿಗಲ್ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಅಲ್ಲಿ ತಾನು ತಂಗಿದ್ದ ಲಾಡ್ಜಿಗೆ ಮರಳುವವರೆಗೂ ಅವನ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ. ಕ್ವಾರಿಯ ಅರ್ಜಿ ನಿಜ. ಪಕ್ಕದ ಬೋರೆಯಿಂದ ಹಗಲಿಗೆ ಎರಡು ಸಲ ಕೇಳುವ ಸಿಡಿಮದ್ದಿನ ಸದ್ದೂ ನಿಜ. ನಲವತ್ತರಲ್ಲಿ ಮೂವತ್ತೇಳು ಪ್ಲಾಟು ಚೆನ್ನಾಗಿ ಬೆಳೆದಿರುವುದೂ ಅಷ್ಟೇ ನಿಜ. ಮೂರು ದಿನ ಬಿಟ್ಟು ಪರಿಶೀಲನೆಗೆ ಹೊರಗಿನವರು ಬರುತ್ತಾರೆ. ಅವರು ಎಲ್ಲ ಪ್ಲಾಟನ್ನೂ ಅಳೆಯುವುದಿಲ್ಲ, ಎಂಟನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲಿ ಆರಿಸುತ್ತಾರೆ. ಆ ಎಂಟರಲ್ಲಿ ಈ ಮೂರು ಬಾರದೇ ಇದ್ದರೆ ತಾನು ಬಾಯಿ ಬಿಡುವುದಿಲ್ಲ ಎಂದು ಅವಳು ತೀರ್ಮಾನಿಸಿಕೊಂಡಳು. ಬಂದರೆ ಬರಲಿ. ಹಾಗೆ ತೀರ್ಮಾನಿಸಿದ್ದು ತನ್ನ ಹೊರೆಯನ್ನು ಇನ್ನೊಬ್ಬರ ಕಂಪ್ಯೂಟರಿನ ಮೇಲೆ ಹೊರಿಸಿದ ಹಾಗೆ ಎಂದು ಅವಳಿಗೆ ತಿಳಿಯದೆ ಇರಲಿಲ್ಲ.

ಪರಿಶೀಲನೆಗೆ ಬಂದವಳು ಅಕ್ಷತಾ. ಬೆಂಗಳೂರಿನ ಒಂದು ಪರಿಶೀಲನಾ ಸಂಸ್ಥೆಯವಳು, ನಲವತ್ತರ ಆಸುಪಾಸಿನ ಸಣ್ಣ ಹೆಂಗಸು. ಬಿಸಿಲಿಗೆ ಟವೆಲ್ಲು ತಲೆಗೆ ಕಟ್ಟಿಕೊಂಡು, ಯಾರು ಕೊಟ್ಟ ಎಳನೀರನ್ನೂ ಕುಡಿಯದೆ ತನ್ನ ಬಾಟಲಿಯದನ್ನೇ ಕುಡಿಯುತ್ತಿದ್ದಳು. ಊರಿನ ಸಮುದಾಯ ಭವನದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಹನುಮಂತರಾಜು ತುಮಕೂರಿನಿಂದ ಬಂದಿದ್ದ. ಗೋಡೆಗೆ ಒರಗಿ ಬೆಟ್ಟಸ್ವಾಮಿ, ಬಾಗಿಲ ಹತ್ತಿರ ಕದರಮ್ಮ. ಎಲ್ಲರೆದುರೇ ನಂಬರು ಆರಿಸುವುದು ನಿಯಮ ಎಂದು ಹೇಳಿ ಅಕ್ಷತಾ ಗುಂಡಿ ಒತ್ತಿದಳು.

ಮೂವತ್ತೊಂದು. ಆರು. ಮೂವತ್ತೆಂಟು. ಒಂದೊಂದನ್ನೂ ಅವಳು ಗಟ್ಟಿಯಾಗಿ ಓದಿ ಕಾಗದದಲ್ಲಿ ಬರೆದುಕೊಂಡಳು. ಹತ್ತೊಂಬತ್ತು. ಹನುಮಂತರಾಜು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ. ಹದಿ ಎಂದು ಅಕ್ಷತಾ ತಡೆದು, ಕಣ್ಣು ಕಿರಿದು ಮಾಡಿ ಪರದೆಯನ್ನು ತನ್ನ ಕಡೆ ವಾಲಿಸಿಕೊಂಡಳು. ಅರುಣಾ ಬೆಟ್ಟಸ್ವಾಮಿಯ ಕಡೆ ನೋಡಲಿಲ್ಲ. ಹದಿಮೂರು. ಇಪ್ಪತ್ತೇಳು. ಎರಡು. ಕೊನೆಗೆ ಇಪ್ಪತ್ತ ಎಂದು ಮತ್ತೆ ನಿಲ್ಲಿಸಿ, ನಾಲ್ಕು ಅಂದಳು.

ಮೂರರಲ್ಲಿ ಒಂದೂ ಬಂದಿರಲಿಲ್ಲ. ಹನುಮಂತರಾಜು ಕಾಫಿ ತರಿಸಲು ಎದ್ದುಹೋದ. ಬೆಟ್ಟಸ್ವಾಮಿ ಗೋಡೆಗೆ ಒರಗಿದ್ದ ಹಾಗೇ ನೆಲಕ್ಕೆ ಜಾರಿ ಕೂತ. ಬದುಕಿಕೊಂಡ ಮುಖ ಅವನದಾಗಿರಲಿಲ್ಲ. ಇನ್ನೂ ನಾಲ್ಕು ವರ್ಷಕ್ಕೆ ಹಳ್ಳದ ಕಾವಲು ಬಿತ್ತಲ್ಲ ಎನ್ನುವವನ ಹಾಗಿದ್ದ. ಅರುಣಾಳಿಗೆ ಹಾಗೆ ಕಂಡಿತು.

ಎರಡು ದಿನ ಎಂಟು ಪ್ಲಾಟು ಅಳೆದರು. ಅಕ್ಷತಾ ತನ್ನ ಟೇಪಿನಲ್ಲೇ ಅಳೆದಳು, ಅರುಣಾಳ ಪುಸ್ತಕದೊಂದಿಗೆ ತಾಳೆ ನೋಡಿದಳು. ಎಲ್ಲವೂ ಹೊಂದಿತು. ಎರಡನೆಯ ದಿನ ಮಧ್ಯಾಹ್ನ ಎರಡನೇ ನಂಬರಿನ ಪ್ಲಾಟಿನಲ್ಲಿ ಕೊನೆಯ ಮರ ಮುಗಿದಾಗ ಅವಳು ಮೊದಲ ಸಲ ನಕ್ಕು, ಇಷ್ಟು ಶುದ್ಧವಾದ ಅಳತೆಯನ್ನು ತಾನು ಈ ವರ್ಷ ನೋಡಿಲ್ಲ ಎಂದಳು. ಆ ಹೊಗಳಿಕೆಗೆ ಅರುಣಾಳ ಕಿವಿ ಬಿಸಿಯಾಯಿತು. ಒಂದು ಕಗ್ಗಲಿ ಮರದ ನೆರಳಿನಲ್ಲಿ ಅವರಿಬ್ಬರೂ ಹನುಮಂತರಾಜುವೂ ಬೆಟ್ಟಸ್ವಾಮಿಯೂ ಕೂತರು. ಅಕ್ಷತಾ ಚೀಲದಿಂದ ಒಂದು ನಮೂನೆ ತೆಗೆದಳು. ಕ್ಷೇತ್ರದ ಕೆಲಸದ ಹೊಣೆ ಹೊತ್ತವರು ಸಹಿ ಹಾಕಬೇಕಾದ್ದು. ಓದಿ ಹೇಳುವುದು ತನ್ನ ಪದ್ಧತಿ ಎಂದು ಓದಿದಳು. ಕಳೆದ ನಾಲ್ಕು ವರ್ಷದಲ್ಲಿ ಬೆಂಕಿಯಿಂದಾಗಲಿ ಕಳವಿನಿಂದಾಗಲಿ ಮರಗಳ ನಷ್ಟವಾಗಿರುವುದು ನನ್ನ ತಿಳಿವಿಗೆ ಬಂದಿಲ್ಲ. ಇಲ್ಲಿ ತೋರಿಸಿದಷ್ಟು ಇಂಗಾಲ ಈ ಭೂಮಿಯ ಮೇಲೆ ನಿಂತಿದೆ ಎಂಬ ಆಧಾರದಲ್ಲಿ ಅಷ್ಟೇ ಪ್ರಮಾಣದ ಹೊಗೆ ಬೇರೆ ಕಡೆ ಬಿಡಲ್ಪಡುತ್ತದೆ ಎಂಬುದನ್ನು ನಾನು ಬಲ್ಲೆ.

ಪೆನ್ನು ಅರುಣಾಳ ಕೈಗೆ ಬಂತು. ಹನುಮಂತರಾಜು ದೂರದ ಬೋರೆಯ ಕಡೆ ನೋಡುತ್ತಿದ್ದ. ಅವಳು ಹೆಸರಿನ ಮೊದಲ ಅಕ್ಷರ ಬರೆದಳು. ಅಷ್ಟು ದಿನ ಅವಳ ತಲೆಯಲ್ಲಿ ಒಂದು ಕಡೆ ಎಪ್ಪತ್ತೊಂದು ಮರ, ಇನ್ನೊಂದು ಕಡೆ ಮುನ್ನೂರು ಎಕರೆ ಇದ್ದವು. ಈಗ ಅವಳಿಗೆ ಆ ಹೊಗೆ ಕಂಡಿತು. ಎಲ್ಲೋ ಒಂದು ಗೂಡಿನಿಂದ ಅದು ನಾಳೆ ಮೇಲಕ್ಕೇಳುತ್ತದೆ. ಅದನ್ನು ಹಿಡಿದಿಡಬೇಕಾದ ಮರಗಳು ಹಳ್ಳದಲ್ಲಿ ಕೊಳೆಯುತ್ತಾ ತಾವೇ ಇಂಗಾಲ ಬಿಡುತ್ತಿವೆ. ಅದನ್ನು ಸರಿಯೆಂದು ಹೇಳುವ ಕಾಗದದ ಮೇಲೆ ಇರುವುದು ತನ್ನ ಕೈಬರಹ. ಆರು ವರ್ಷ ಬಿಸಿಲಿನಲ್ಲಿ ಮಿಲಿಮೀಟರಿಗೆ ಮಿಲಿಮೀಟರು ತಾಳೆ ನೋಡಿದ್ದು ಯಾತಕ್ಕೆ ಹಾಗಾದರೆ?

"ನಷ್ಟ ಆಗಿದೆ," ಅಂದಳು. ದನಿ ಸಣ್ಣಗೆ ಬಂತು. ಮತ್ತೊಮ್ಮೆ ಹೇಳಬೇಕಾಯಿತು. "ಮೂರು ಪ್ಲಾಟು ಸುಟ್ಟಿವೆ. ಬಿಲ್ಲೆಗಳನ್ನ ಬೇರೆ ಮರಕ್ಕೆ ಹೊಡೆದಿದಾರೆ. ನಂಗೆ ಐದು ದಿನದಿಂದ ಗೊತ್ತು. ಮುಚ್ಚಿಟ್ಟಿದ್ದೆ, ಅದನ್ನೂ ಬರ್ಕೊಳ್ಳಿ."

ಅಕ್ಷತಾ ಟವೆಲ್ಲು ತಲೆಯಿಂದ ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಹೊಡೆದವರು ಯಾರು ಎಂದು ಕೇಳಿದಳು. ಅರುಣಾ ಗೊತ್ತಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬೆಟ್ಟಸ್ವಾಮಿ ಎದ್ದು ನಿಂತಿದ್ದ.

"ನಾನೇ. ಬನ್ನಿ, ತೋರುಸ್ತೀನಿ."

ಮೂರು ಮಂದಿ ಅವನ ಹಿಂದೆ ಪಡುವಲಿಗೆ ಇಳಿದರು. ಹಳ್ಳದ ಅಂಚಿನಲ್ಲಿ ನಿಂತಾಗ ಅಕ್ಷತಾ ಬಗ್ಗಿ ಕೆಳಗೆ ನೋಡಿದಳು. ಆಮೇಲೆ ಬೆಂಕಿ ಬಿದ್ದದ್ದು ಯಾವಾಗ ಎಂದು ಕೇಳಿದಳು. ಬೆಟ್ಟಸ್ವಾಮಿ ಬೆಂಕಿಯಿಂದ ಹಿಡಿದು ಫೋನಿನ ಮಾತಿನ ತನಕ ಎಲ್ಲ ಹೇಳಿದ. ಅವಳು ತಲೆ ಅಲ್ಲಾಡಿಸಿದಳು.

"ಕಾಡು ಅಂದ್ಮೇಲೆ ಬೆಂಕಿ ಬಿದ್ದೇ ಬೀಳುತ್ತೆ. ಅದಕ್ಕೇ ಅಂತ ಪ್ರತಿ ವರ್ಷ ಲೆಕ್ಕದಲ್ಲಿ ಒಂದು ಪಾಲು ಇಂಗಾಲ ಮೀಸಲು ಇಟ್ಟಿರ್ತಾರೆ. ಆರು ತಿಂಗಳ ಒಳಗೆ ಒಂದು ಪತ್ರ ಬರೆದಿದ್ರೆ ನಷ್ಟ ಅದರಲ್ಲೇ ತುಂಬಿಕೊಳ್ತಿತ್ತು. ಕಂಪನಿಯೂ ಹೋಗ್ತಿರ್ಲಿಲ್ಲ, ಕಾವಲೂ ಹೋಗ್ತಿರ್ಲಿಲ್ಲ. ಇವ್ರಿಗೆ ಇದನ್ನ ಯಾರೂ ಹೇಳಿರ್ಲಿಲ್ವಾ?"

ಬೆಟ್ಟಸ್ವಾಮಿ ಹನುಮಂತರಾಜುವಿನ ಕಡೆ ತಿರುಗಿದ. ಬೈಯುತ್ತಾನೆ, ಮೈಮೇಲೆ ಬೀಳುತ್ತಾನೆ ಎಂದು ಅರುಣಾ ಒಂದು ಹೆಜ್ಜೆ ಮುಂದಿಟ್ಟಳು. ಅವನು ಏನೂ ಮಾಡಲಿಲ್ಲ. ಒಂದೇ ಸಮನೆ ನೋಡಿದ, ಅಷ್ಟೇ. ಹನುಮಂತರಾಜು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, ಮೊದಲ ವರ್ಷದ ಒಪ್ಪಂದದ ಕಡತವನ್ನು ತಾನು ಪೂರ್ತಿ ಓದಿರಲಿಲ್ಲ ಎಂದು ಹೇಳಿದ. ಅದನ್ನು ಅವನು ಯಾರಿಗೆ ಹೇಳಿದನೋ ತಿಳಿಯಲಿಲ್ಲ. ನಂಬರಿರುವ ಮರ ಇರಬೇಕು ಎಂದು ಫೋನಿನಲ್ಲಿ ಹೇಳಿದ್ದನ್ನೂ ಅಕ್ಷತಾ ಕೇಳಿದಾಗ ಅಲ್ಲಗಳೆಯಲಿಲ್ಲ.

ಅವತ್ತು ಹೊತ್ತು ಮುಳುಗುವ ತನಕ ಹಳ್ಳಕ್ಕಿಳಿದು ದಿಮ್ಮಿಗಳನ್ನು ಅಳೆದರು. ಸುದ್ದಿ ತಿಳಿದು ಕದರಮ್ಮ ಬಂದಳು. ಬಂದವಳು ಗಂಡನನ್ನು ಮಾತಾಡಿಸಲಿಲ್ಲ. ಎರಡು ವರ್ಷದಿಂದ ಈ ಮನುಷ್ಯ ನಿದ್ದೆಯಲ್ಲಿ ನಂಬರು ಹೇಳುತ್ತಿದ್ದ, ಯಾತಕ್ಕೆಂದು ಈಗ ತಿಳಿಯಿತು ಎಂದು ಅರುಣಾಳಿಗೆ ಮಾತ್ರ ಹೇಳಿ, ಸೀರೆ ಎತ್ತಿ ಕಟ್ಟಿ, ಹಳ್ಳಕ್ಕಿಳಿದು ಟೇಪಿನ ತುದಿ ಹಿಡಿದಳು. ಬೆಟ್ಟಸ್ವಾಮಿ ಹೇಳಿದ್ದು ಸರಿಯಿತ್ತು. ಎಪ್ಪತ್ತೊಂದೇ ಇದ್ದವು.

ಅದರ ಫಲ ಒಂದೇ ದಿನಕ್ಕೆ ಬರಲಿಲ್ಲ. ವರದಿಯಲ್ಲಿ ನಷ್ಟವನ್ನೂ ಮುಚ್ಚಿಟ್ಟಿದ್ದನ್ನೂ ಬರೆದು, ಬೋರೆಯ ಲೆಕ್ಕವನ್ನು ಒಂದು ವರ್ಷ ತಡೆಹಿಡಿದರು. ಮೂವತ್ತೇಳು ಪ್ಲಾಟಿನ ಅಳತೆ ಶುದ್ಧವಾಗಿದೆ ಎಂಬ ಒಂದು ಸಾಲನ್ನು ಅಕ್ಷತಾ ಬಿಡದೆ ಸೇರಿಸಿದ್ದಳು. ಆ ಸಾಲಿನಿಂದಲೇ ಕಂಪನಿ ಪೂರ್ತಿ ಕೈಬಿಡಲಿಲ್ಲ, ಮರು ಅಳತೆ ಮುಗಿಯುವ ತನಕ ಕಾಯುವುದಾಗಿ ಹೇಳಿತು. ಆದರೆ ಹೊಸ ಒಪ್ಪಂದದಲ್ಲಿ ಬೆಟ್ಟಸ್ವಾಮಿ ಕಾವಲಿಗೆ ಇರಕೂಡದು ಎಂಬ ಷರತ್ತು ಬಂತು. ಹನುಮಂತರಾಜುವನ್ನು ಬೇರೆ ಜಿಲ್ಲೆಗೆ ಹಾಕಿದರು. ಅರುಣಾಳ ಕರಾರನ್ನು ಹಸಿರಳತೆ ಮುಂದುವರಿಸಲಿಲ್ಲ. ಐದು ದಿನ ಮುಚ್ಚಿಟ್ಟವಳು ಎಂಬುದೇ ಕಾರಣ. ಅವಳು ಅದನ್ನು ಸುಳ್ಳೆನ್ನಲು ಹೋಗಲಿಲ್ಲ. ಗುಬ್ಬಿಗೆ ಮರಳಿ ಏಳು ತಿಂಗಳು ಮನೆಯಲ್ಲಿದ್ದು, ಆಮೇಲೆ ತುಮಕೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಪಾಠಕ್ಕೆ ಸೇರಿದಳು. ಕ್ವಾರಿಯವರ ಅರ್ಜಿ ಆ ವರ್ಷ ಎರಡು ಸಲ ಮೇಲಕ್ಕೆ ಬಂತು. ಎರಡು ಸಲವೂ ಊರವರು ಕುಣಿಗಲ್ಲಿಗೆ ಬಸ್ಸು ತುಂಬ ಹೋಗಿ ಕಚೇರಿಯೆದುರು ಕೂತರು. ಮುಂದೂಡಿದರೇ ಹೊರತು ಇಂದಿಗೂ ವಜಾ ಮಾಡಿಲ್ಲ.

ಮರುವರ್ಷದ ಜನವರಿಯಲ್ಲಿ ಕದರಮ್ಮ ಫೋನ್ ಮಾಡಿದಳು. ಗಂಡನ ಜಾಗಕ್ಕೆ ಊರವರು ಅವಳನ್ನೇ ಕಾವಲಿಗೆ ನಿಲ್ಲಿಸಿದ್ದರು. ಮರು ಅಳತೆಗೆ ಬೇರೆ ತಂಡ ಬಂದಿದೆ, ಸುಟ್ಟ ಪ್ಲಾಟುಗಳ ಹಳೇ ಮೂಲೆ ಎಲ್ಲಿತ್ತೆಂದು ಅವರಿಗೆ ಸಿಗುತ್ತಿಲ್ಲ, ಗುಳಿಗಳೆಲ್ಲ ಮಳೆಗೆ ಮುಚ್ಚಿ ಗಂಡನಿಗೂ ಗುರುತು ಹತ್ತುತ್ತಿಲ್ಲ, ಹಳೇ ಜಿಪಿಎಸ್ ಗುರುತು ನಿಮ್ಮಲ್ಲಿದ್ದರೆ ಒಂದು ಭಾನುವಾರ ಬಂದು ತೋರಿಸುತ್ತೀರಾ ಎಂದು ಕೇಳಿದಳು. ಅರುಣಾ ಹೋದಳು.

ಪಡುವಲ ಇಳಿಜಾರು ಹಸಿರಾಗಿತ್ತು. ಬೇರು ಸಾಯದೆ ಉಳಿದ ಬುಡಗಳಿಂದ ಚಿಗುರು ಆಳೆತ್ತರಕ್ಕೆ ಎದ್ದಿತ್ತು. ಸಂಬಳವಿಲ್ಲದಿದ್ದರೂ ಬೆಟ್ಟಸ್ವಾಮಿ ಹೆಂಡತಿಯ ಜೊತೆ ದಿನವೂ ಬೋರೆಗೆ ಬರುತ್ತಿದ್ದ. ಅವತ್ತು ಹಾರೆ ಹೊತ್ತುಕೊಂಡು ಬಂದಿದ್ದ. ಮೈ ಇಳಿದಿತ್ತು, ಆದರೆ ಮೊದಲಿಗಿಂತ ಮಾತು ಹೆಚ್ಚಾಗಿತ್ತು. ಬೆಂಕಿ ದಾಟದಿರಲೆಂದು ಹೋದ ಬೇಸಿಗೆಯಲ್ಲಿ ತಾವು ಕಡಿದ ಬೆಂಕಿದಾರಿಯನ್ನು ತೋರಿಸಿದ, ಒಂದೊಂದು ಚಿಗುರಿನ ಹತ್ತಿರವೂ ನಿಂತು ಇದು ದಿಂಡಿಗ, ಇದು ಜಾಲ ಎಂದು ಹೇಳಿದ. ಇವನ್ನೂ ಬರೆದುಕೊಳ್ಳುತ್ತಾರಾ ಎಂದು ಕೇಳಿದ.

ಇಲ್ಲ, ಇಷ್ಟು ಸಣ್ಣವು ಲೆಕ್ಕಕ್ಕೆ ಸೇರುವುದಿಲ್ಲ, ಇನ್ನೂ ಐದಾರು ವರ್ಷ ಬಲಿಯಬೇಕು ಎಂದು ಅರುಣಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಬುಡಿ, ಬಲೀಲಿ," ಎಂದು ಅವನು ಮುಂದಕ್ಕೆ ಹೋದ. ಜಿಪಿಎಸ್ ತೋರಿಸಿದ ಜಾಗವನ್ನು ಅವಳು ಕಾಲಿನಿಂದ ಗುರುತು ಮಾಡಿದಳು. ಹೊಸ ತಂಡದ ಇಬ್ಬರು ನೋಡುತ್ತಾ ನಿಂತಿದ್ದರು. ಬೆಟ್ಟಸ್ವಾಮಿ ಹಾರೆ ಎತ್ತಿ ಗುಳಿ ತೋಡಿದ. ಕದರಮ್ಮ ಪೈಪು ಇಳಿಬಿಟ್ಟು ನೆಟ್ಟಗೆ ಹಿಡಿದುಕೊಂಡಳು, ಅರುಣಾ ಸುತ್ತ ಕಲ್ಲು ತುಂಬಿ ತುಳಿದಳು. ಆಮೇಲೆ ಅವರು ಎರಡನೇ ಮೂಲೆಯನ್ನು ಹುಡುಕಿಕೊಂಡು ಹೊರಟರು.